ತ್ರಿಕೋನದ ಜಾಗದಲ್ಲಿ ನಿಜವಾಗಿ ಏನಿದೆ?

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಲ್ಲಿ ನಾವೆಲ್ಲ ಬೀಮಿನ ಒಂದು ತುದಿಗೆ ತ್ರಿಕೋನ, ಇನ್ನೊಂದು ತುದಿಗೆ ರೋಲರ್ ಬರೆದು, ರಿಯಾಕ್ಷನ್ ಕಂಡುಹಿಡಿದು, ಮಾರ್ಕ್ಸ್ ತಗೊಂಡು ಮುಂದೆ ಹೋಗ್ತೀವಿ. ನಿಜವಾದ ಸೇತುವೆಯಲ್ಲಿ ಆ ತ್ರಿಕೋನದ ಜಾಗದಲ್ಲಿ ಏನಿರುತ್ತೆ ಅಂತ ಎಷ್ಟು ಜನ ಕೇಳಿದ್ದೀವಿ?

ಮೈಸೂರಿಂದ ದೇವಲಾಪುರದ ಕಡೆ ಹೋಗೋ ನಮ್ಮ ಗೆಳೆಯರು ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟ್ತಾರೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಇರೋದು ಅಲ್ಲೇ. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ನಡುವೆ ರಬ್ಬರ್ ಇಲ್ಲ, ಬೇಕಾಗಿಯೂ ಇಲ್ಲ. ಕಂಬಗಳ ಅಂತರ ಚಿಕ್ಕದು, ಬಿಸಿಲಿಗೆ ಆಗೋ ಹಿಗ್ಗುವಿಕೆಯನ್ನ ಸಂದುಗಳೇ ನುಂಗಿಕೊಳ್ತವೆ. ಆದರೆ 25 ಮೀಟರ್ ಉದ್ದದ ಕಾಂಕ್ರೀಟ್ ಗರ್ಡರ್ ತಗೊಳ್ಳಿ. ತಾಪಮಾನ 30 ಡಿಗ್ರಿ ಏರಿದರೆ ಅದು ಸುಮಾರು 9 ಮಿ.ಮೀ. ಉದ್ದವಾಗುತ್ತೆ. ಕಂಬಕ್ಕೆ ಬಿಗಿದು ಕೂರಿಸಿದರೆ ಆ ಎಳೆದಾಟ ಪೂರ್ತಿ ಕಂಬದ ಮೇಲೆ.

ಅದಕ್ಕೇ ಬೇರಿಂಗ್ ಪ್ಯಾಡ್. ಬರೀ ರಬ್ಬರ್ ತುಂಡಲ್ಲ ಅದು. ನಿಯೋಪ್ರೀನ್ ಪದರಗಳ ನಡುವೆ ಉಕ್ಕಿನ ತಗಡು ಇಟ್ಟು, ಬಿಸಿಯಲ್ಲಿ ಒತ್ತಿ ಒಂದು ಮಾಡಿರ್ತಾರೆ. ಭಾರ ಬಿದ್ದಾಗ ರಬ್ಬರ್ ಪಕ್ಕಕ್ಕೆ ಉಬ್ಬೋಕೆ ನೋಡುತ್ತೆ, ತಗಡು ಬಿಡಲ್ಲ. ಹಾಗಾಗಿ ಮೇಲಿನ ಭಾರಕ್ಕೆ ಗಟ್ಟಿ, ಅಡ್ಡ ಸರಿತಕ್ಕೆ ಮೆತ್ತಗೆ. ಗರ್ಡರ್ ಸರಿದರೆ ಇಸ್ಪೀಟ್ ಕಟ್ಟು ಓರೆಯಾದ ಹಾಗೆ ವಾಲುತ್ತೆ, ತುದಿ ಸ್ವಲ್ಪ ತಿರುಗೋಕೂ ಬಿಡುತ್ತೆ. ಕೋಟಿಗಟ್ಟಲೆ ಖರ್ಚಿನ ಸೇತುವೆಯ ಭಾರವೆಲ್ಲ ಇಳಿಯೋದು ಇಷ್ಟಗಲದ ಈ ಪ್ಯಾಡ್‌ಗಳ ಮೂಲಕವೇ.

ಈ ಜಾಗ ಕೈಕೊಟ್ಟರೆ ಏನಾಗುತ್ತೆ ಅನ್ನೋದನ್ನ ಬೆಂಗಳೂರು ನೋಡಿದೆ. 2018ರ ಡಿಸೆಂಬರ್‌ನಲ್ಲಿ ಟ್ರಿನಿಟಿ ಮೆಟ್ರೋ ನಿಲ್ದಾಣದ ಹತ್ತಿರ, 155ನೇ ಕಂಬದ ಮೇಲಿನ ಬೀಮಿನ ಕಾಂಕ್ರೀಟಲ್ಲಿ ಜೇನುಗೂಡಿನಂಥ ಟೊಳ್ಳು ಕಂಡುಬಂತು. ಆಸರೆ ಕೊಟ್ಟು, ಎಂ.ಜಿ. ರಸ್ತೆ–ಇಂದಿರಾನಗರ ನಡುವೆ ರೈಲು ನಿಲ್ಲಿಸಿ ದುರಸ್ತಿ ಮಾಡಬೇಕಾಯ್ತು. ಪ್ಯಾಡ್ ಎಷ್ಟೇ ಚೆನ್ನಾಗಿರಲಿ, ಅದರ ಮೇಲೆ ಕೆಳಗಿನ ಕಾಂಕ್ರೀಟ್ ಟೊಳ್ಳಾಗಿದ್ರೆ ಏನು ಪ್ರಯೋಜನ?

ಇನ್ನೊಂದು ವಿಷಯ. ರಬ್ಬರ್‌ಗೆ ವಯಸ್ಸಾಗುತ್ತೆ, ಸೇತುವೆಗಿಂತ ಬೇಗ. ಬದಲಾಯಿಸಬೇಕಂದ್ರೆ ಗರ್ಡರನ್ನ ಜಾಕ್ ಕೊಟ್ಟು ಎತ್ತಬೇಕು. ಜಾಕ್ ಕೂರಿಸೋಕೆ ಜಾಗವನ್ನ ಡ್ರಾಯಿಂಗ್ ಹಂತದಲ್ಲೇ ಬಿಟ್ಟಿರಬೇಕು. ಆ ಡ್ರಾಯಿಂಗ್ ನಾಳೆ ಮಾಡೋರು ನಾವೇ. ನಮಗೆ ಗೊತ್ತಿರೋದು ಮಾತ್ರ ಇನ್ನೂ ತ್ರಿಕೋನ!

ಸೈಟ್ ವಿಸಿಟ್ ಅಂದ್ರೆ ದೊಡ್ಡ ಡ್ಯಾಮ್, ಗ್ರೂಪ್ ಫೋಟೋ, ಊಟ, ವಾಪಸ್. ಈ ಸಲ ಒಂದು ಸಾಧಾರಣ ಸೇತುವೆಯ ಅಡಿಗೆ ಟಾರ್ಚ್ ಹಿಡಿದು ಕರ್ಕೊಂಡು ಹೋಗಿ ಅಂತ ಡಿಪಾರ್ಟ್‌ಮೆಂಟನ್ನ ಕೇಳ್ತಿದ್ದೀವಿ. ಪ್ಯಾಡ್ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಜಾಗ ಬಿಟ್ಟು ಸರಿದಿದೆಯಾ ನೋಡೋಣ. ನೀರು ಕಡಿಮೆ ಇರೋ ಮಾರ್ಚ್ ತಿಂಗಳಾದ್ರೆ ಇನ್ನೂ ಒಳ್ಳೇದು.