ದೂರದ ಅತಿಥಿಗಳು, ಹತ್ತಿರದ ಮಾತು

ಯಾವುದೇ ಸಂಸ್ಥೆಯ ವರದಿಯನ್ನು ತೆರೆದು ನೋಡಿ. ಅದರಲ್ಲಿ ವಾರಗಳು ಬರಿಯ ವಾರಗಳಾಗಿ ಇರುವುದಿಲ್ಲ. ಒಂದು ವಾರ ಅಧ್ಯಕ್ಷರು ಬಂದರು, ಇನ್ನೊಂದು ವಾರ ಅಸ್ತಿಭಾರ ಹಾಕಿದರು, ಮತ್ತೊಂದು ವಾರ ಶಾಲೆಗೆ ಹೊಸದಾಗಿ ಇಷ್ಟು ಮಕ್ಕಳು ಸೇರಿದರು. ಪರದೇಶದಲ್ಲಿ ನೆಲಸಿದ ಕ್ರೈಸ್ತ ಮಿಶನ್ನುಗಳ ವರದಿಗಳಲ್ಲಂತೂ ಈ ಗಡಿಬಿಡಿ ಇನ್ನೂ ಹೆಚ್ಚು. ಕೆಲಸ ನಡೆಯುವುದು ಒಂದು ಖಂಡದಲ್ಲಿ. ಅದಕ್ಕೆ ಹಣ ಕೊಡುವ ಭಕ್ತರು ಇರುವುದು ಮತ್ತೊಂದು ಖಂಡದಲ್ಲಿ. ದೂರದವರಿಗೆ ಲೆಕ್ಕ ಒಪ್ಪಿಸಬೇಕಾದರೆ ಬಂದ ಅತಿಥಿಗಳನ್ನೂ ದಾಟಿದ ಮೈಲಿಗಲ್ಲುಗಳನ್ನೂ ಎಣಿಸದೆ ವಿಧಿಯಿಲ್ಲ.

‘ಪರದೇಶದ ಮಿಶನ್’ ಎಂದೊಡನೆ ನಮ್ಮ ಮನಸ್ಸು ಆಫ್ರಿಕಕ್ಕೋ ಚೀನಕ್ಕೋ ಓಡುತ್ತದೆ. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕುಳಿತು ಮಿಶನ್ ಪತ್ರಿಕೆಯನ್ನು ಓದುತ್ತಿದ್ದ ಗೃಹಿಣಿಗೆ ಆ ಪರದೇಶವೆಂದರೆ ನಮ್ಮ ಹುಬ್ಬಳ್ಳಿ, ನಮ್ಮ ಬೆಟಗೇರಿ, ನಮ್ಮ ಬಾದಾಮಿಯ ನೆರೆಯ ಗುಳೇದಗುಡ್ಡ! ಆಕೆಯ ಕಣ್ಣಿನಿಂದ ಒಮ್ಮೆ ನಮ್ಮ ಸೀಮೆಯನ್ನು ನೋಡಿದರೆ ಕೆಲವು ಸಂಗತಿಗಳು ಬೇರೆಯಾಗಿಯೇ ತೋರುತ್ತವೆ.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ. ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲನ್ನು 1833ರ ಕಾನೂನು ತೆರೆದಾಗ, ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ: ಹೀಗೆ ಠಾಣ್ಯಗಳು ಒಂದೊಂದಾಗಿ ಎದ್ದವು. ಬಾಸೆಲಿನ ನಕ್ಷೆಯಲ್ಲಿ ಇವೆಲ್ಲ ಗೆಲುವಿನ ಗುರುತುಗಳು. ನಮ್ಮ ನೇಕಾರನ ಪಾಲಿಗೆ ಊರಿಗೆ ಹೊಸದಾಗಿ ಬಂದ ಒಬ್ಬ ಬಿಳಿಯ ದೊರೆ. ಕನ್ನಡವನ್ನು ತೊದಲುವ, ಬಿಸಿಲಿಗೆ ಕೆಂಪಾಗುವ ಅತಿಥಿ.

ಈ ಮಿಶನ್ನಿನ ಆರಂಭದ ದಿನಗಳಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಕಾಲಜ್ಞಾನದ ವಚನಗಳನ್ನು ನಂಬಿದ ಪಂಗಡವೊಂದು ನಮ್ಮ ಕಡೆ ಇದ್ದಿತು. ಪಡುವಣದಿಂದ ಬರುವವರು ಸತ್ಯಧರ್ಮವನ್ನು ತರುವರೆಂದು ತಮ್ಮ ಗ್ರಂಥಗಳಲ್ಲಿ ಹೇಳಿದೆಯೆಂದು ಅವರು ಮಿಶನರಿಗಳನ್ನು ಕಾಣಲು ಬಂದರು. ಮಿಶನರಿಗಳ ಆನಂದಕ್ಕೆ ಪಾರವುಂಟೆ? ತಾವು ಹುಡುಕಿಕೊಂಡು ಬಂದ ಜನ ತಮ್ಮನ್ನೇ ಹುಡುಕಿಕೊಂಡು ಬಂದರಲ್ಲ! ಅವರು ನೆಲಸಲೆಂದು ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ವಸಾಹತೊಂದನ್ನು ಕಟ್ಟಿದರು. ಆದರೆ ಎಣಿಸಿದ ಜನ ಅಲ್ಲಿಗೆ ಬಂದು ನೆಲಸಲಿಲ್ಲ, ವಸಾಹತು ಕೈಗೂಡಲಿಲ್ಲ. ಅತಿಥಿಗಳನ್ನು ಎಣಿಸುವುದು ಸುಲಭ. ಅವರು ಏನನ್ನು ಅರಸಿ ಬಂದರೆಂದು ಅರಿಯುವುದು ಕಷ್ಟ.

ಇನ್ನೊಂದು ಬಗೆಯ ಎಣಿಕೆ ಇದಕ್ಕಿಂತ ಕಠಿಣವಾದದ್ದು. 1876ರಿಂದ 1878ರ ವರೆಗಿನ ಧಾತು ಈಶ್ವರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ನಮ್ಮ ಬಾಗಲಕೋಟೆ ಮತ್ತು ವಿಜಯಪುರದ ಸೀಮೆ, ತತ್ತರಿಸಿಹೋಯಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗೂ ಮೀರಿ ಇಳಿಯಿತು. ಸತ್ತವರು ಎಷ್ಟು, ಗುಳೆ ಹೋದವರು ಎಷ್ಟು! ಆ ಬರದಲ್ಲಿ ಮಿಶನ್ನುಗಳು ಅನ್ನ ಹಾಕಿದವು, ತಬ್ಬಲಿ ಮಕ್ಕಳನ್ನು ಸಾಕಿದವು. ಹಸಿದವನ ಕೈಗೆ ತುತ್ತು ಇಟ್ಟವರನ್ನು ನೆನೆಯದಿದ್ದರೆ ನಾವು ಕೃತಘ್ನರಾದೇವು. ಆದರೆ ತುತ್ತಿಗಾಗಿ ಬಾಗಿಲಿಗೆ ಬಂದ ಮಗುವಿನ ಹೆಸರನ್ನು ಸಭೆಯ ಪುಸ್ತಕದಲ್ಲಿ ಬರೆದುಕೊಂಡಾಗ ಅದು ಯಾರ ಮೈಲಿಗಲ್ಲು? ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೂ ನಾವು ಪ್ರಾಮಾಣಿಕರಾಗುವುದಿಲ್ಲ. ಉಪಕಾರವನ್ನೂ ಉದ್ದೇಶವನ್ನೂ ಒಟ್ಟಿಗೆ ನೋಡುವ ಧೈರ್ಯ ನಮಗಿರಬೇಕು.

ಹಾಗಾದರೆ ಇಷ್ಟೆಲ್ಲ ವಾರಗಳ ಗಡಿಬಿಡಿಯಲ್ಲಿ ಕನ್ನಡಿಗರೆಲ್ಲರ ಪಾಲಿಗೆ ಉಳಿದದ್ದು ಏನು? ನನ್ನ ಉತ್ತರ: ಮಾತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯದು. ವರ್ಷವೊಂದು ತುಂಬುವಷ್ಟರಲ್ಲಿ ಅದರ ಅಚ್ಚು ಬಳ್ಳಾರಿಗೆ ಹೋಯಿತು, ಹೆಸರು ‘ಕನ್ನಡ ಸಮಾಚಾರ’ವಾಯಿತು, ಬಹುಬೇಗ ನಿಂತೂಹೋಯಿತು. ಆದರೂ ನಾವು ಇಂದಿಗೂ ಜುಲೈ 1ರಂದು ಪತ್ರಿಕಾ ದಿನವನ್ನು ಆಚರಿಸುತ್ತೇವೆ. ಅನಂತರ ಅದೇ ಮೊಗ್ಲಿಂಗರು ಜೈಮಿನಿ ಭಾರತ, ಬಸವಪುರಾಣ ಮೊದಲಾದ ನಮ್ಮ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ತಮ್ಮ ಧರ್ಮವನ್ನು ಸಾರಲು ಬಂದವರು ನಮ್ಮ ಪುರಾಣವನ್ನು ಅಚ್ಚು ಹಾಕಿದರು!

ಇನ್ನು ಫರ್ಡಿನಂಡ್ ಕಿಟ್ಟೆಲ್ಲರ ಮಾತು. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದರು. ಜನರ ನಡುವೆ ಜನರಂತೆ ಬಾಳಬೇಕೆಂಬ ಅವರ ಹಂಬಲಕ್ಕೂ ಮಿಶನ್ನಿನ ಕಟ್ಟುಕಟ್ಟಳೆಗಳಿಗೂ ಸರಿಹೊಂದಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಪರಿಷ್ಕರಿಸಿ ಹೊರತಂದರು. ಕೊನೆಗೆ 1894ರಲ್ಲಿ, ಸುಮಾರು 70,000 ಶಬ್ದಗಳ, 1,700 ಪುಟಗಳಿಗೂ ಮೀರಿದ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಕಿಟ್ಟೆಲ್ಲರು ತಾಯ್ನಾಡಿಗೆ ಮರಳಿ ಎರಡು ವರ್ಷಗಳಾಗಿದ್ದವು. ಅವರ ಬಾಳಿನ ಅತ್ಯಂತ ದೊಡ್ಡ ಮೈಲಿಗಲ್ಲು ನೆಟ್ಟ ವಾರ ಅವರು ಇಲ್ಲಿ ಇರಲೇ ಇಲ್ಲ!

ಆ ನಿಘಂಟಿನಲ್ಲಿ ಒಂದು ಸಣ್ಣ ಗುರುತು ಇದೆ. ಯಾವ ಶಬ್ದ ಯಾವ ಸೀಮೆಯದೆಂದು ತಿಳಿಸಲು ಕಿಟ್ಟೆಲ್ಲರು ಮೈಸೂರಿನದಕ್ಕೆ ಒಂದು ಗುರುತು, ನಮ್ಮ ಕಡೆಯದಕ್ಕೆ, ಎಂದರೆ ಆಗಿನ ಸದರ್ನ್ ಮರಾಠಾ ಸೀಮೆಯದಕ್ಕೆ, ಇನ್ನೊಂದು ಗುರುತು ಹಾಕಿದ್ದಾರೆ. ಆ ಗುರುತು ಕಂಡಲ್ಲೆಲ್ಲ ನನಗೆ ಪುಟದ ಹಿಂದೆ ಒಂದು ಮುಖ ಕಾಣುತ್ತದೆ: ಧಾರವಾಡದ ಸಂತೆಗೆ ಬಂದ ಒಕ್ಕಲಿಗನದೋ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತ ನೇಕಾರನದೋ. ಹೇಳಿದವನಿಲ್ಲದೆ ಬರೆದುಕೊಂಡವನುಂಟೆ? ಅತಿಥಿಗೆ ನಾವು ಬಡಿಸಿದ ಊಟವದು. ಅವನು ಅದನ್ನು ಜೋಪಾನವಾಗಿ ಬುತ್ತಿ ಕಟ್ಟಿ ನಮಗೇ ಹಿಂದಿರುಗಿಸಿದ.

ಕಳೆದ ವರ್ಷ ಹುನಗುಂದದ ಕಡೆಯ ವಿದ್ಯಾರ್ಥಿಯೊಬ್ಬನು ಪ್ರಬಂಧದಲ್ಲಿ ‘ಕೂರಿಗೆ’ ಎಂದು ಬರೆದು, ಅದನ್ನು ತಾನೇ ಹೊಡೆದುಹಾಕಿ, ‘ಬಿತ್ತನೆಯ ಉಪಕರಣ’ ಎಂದು ತಿದ್ದಿದ್ದನು. ಕಾರಣ ಕೇಳಿದೆ. “ಅದು ಹಳ್ಳಿ ಮಾತು ಅಲ್ರೀ ಸರ, ಪುಸ್ತಕದಾಗ ಇರಾಂಗಿಲ್ಲ” ಎಂದನು. ನಾನು ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ದು ಕಿಟ್ಟೆಲ್ಲರ ನಿಘಂಟಿನಲ್ಲಿ ಆ ಶಬ್ದವನ್ನು ತೋರಿಸಿದೆ. ಬಹಳ ಹೊತ್ತು ಬೆರಳಿಟ್ಟು ನೋಡಿದನು. “ನಮ್ಮಪ್ಪಗ ಹೇಳತೀನ್ರೀ” ಎಂದಷ್ಟೇ ಅಂದನು. ಸಮುದ್ರ ದಾಟಿ ಬಂದ ಒಬ್ಬನು ಅವನ ತಂದೆಯ ಮಾತಿಗೆ ಕೊಟ್ಟ ಬೆಲೆಯನ್ನು ನಮ್ಮ ಶಾಲೆಗಳು ಇದುವರೆಗೂ ಅವನಿಗೆ ಕೊಟ್ಟಿರಲಿಲ್ಲ.

ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಸರಕಾರ ಸೆರೆಯಲ್ಲಿಟ್ಟು ಅವರ ದೇಶಕ್ಕೆ ಕಳುಹಿಸಿತು. ಹೆಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಅನ್ಯರ ಕೈಸೇರಿದವು. ಬೆಟಗೇರಿಯ ಆಸ್ಪತ್ರೆಯನ್ನು ಜನ ಇಂದಿಗೂ ‘ಜರ್ಮನ್ ದವಾಖಾನೆ’ ಎನ್ನುತ್ತಾರೆ. ನಿಘಂಟು ಇಂದಿಗೂ ಮೇಜಿನ ಮೇಲಿದೆ. ಆದರೆ ಅದು ಸಂಗ್ರಹಿಸಿದ್ದು ಹತ್ತೊಂಬತ್ತನೆಯ ಶತಮಾನದ ಮಾತು. ಇಳಕಲ್ಲಿನ ಸೀರೆಯ ಟೋಪ ತೆನಿ ಸೆರಗು, ಗೋಮಿ ದಡಿ, ಗುಳೇದಗುಡ್ಡದ ಖಣದ ಬಗೆಬಗೆಯ ಕುಸುರಿಗಳ ಹೆಸರು ಇವನ್ನೆಲ್ಲ ಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಇವನ್ನು ಬರೆದಿಡಲು ಇನ್ನೊಬ್ಬ ಅತಿಥಿ ಹಡಗು ಏರಿ ಬರುವನೆಂದು ಕಾಯುವುದು ನಮಗೆ ಶೋಭಿಸದು.

ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಈ ರವಿವಾರ ಹತ್ತಿರ ಕುಳಿತುಕೊಳ್ಳಿರಿ. ಅವರ ಕಸುಬಿನ, ಅಡುಗೆಯ, ಹೊಲದ ಹತ್ತು ಮಾತುಗಳನ್ನು ಕೇಳಿ ಮಕ್ಕಳ ನೋಟುಬುಕ್ಕಿನಲ್ಲಿ ಬರೆಯಿಸಿರಿ. ಯಾವ ವರದಿಯಲ್ಲಿಯೂ ಅದು ಅಚ್ಚಾಗದು. ಆದರೂ ಆ ವಾರ ಬರಿಯ ವಾರವಾಗಿ ಹೋಗದು.