ಕಾಣದ ಕಾಯಿಲೆಯ ಮಕ್ಕಳಿಗೂ ಕಾಲೇಜು ಬೇಕು



ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡವನಿಗೆ ಎಲ್ಲರೂ ದಾರಿ ಬಿಡುತ್ತಾರೆ. ಜ್ವರದಿಂದ ಮೈ ಸುಡುವವನಿಗೆ ಮೇಸ್ತ್ರಿಯೂ ರಜೆ ಕೊಡುತ್ತಾನೆ. ಆದರೆ ಹೊರಗೆ ಏನೂ ಕಾಣದೆ ಒಳಗೊಳಗೇ ನರಗಳನ್ನು ಕೆಡಿಸುವ ಕಾಯಿಲೆಯೊಂದಿದೆ. ಅದು ಬಂದವರನ್ನು ಜನ ರೋಗಿ ಎನ್ನುವ ಮೊದಲೇ ಸೋಮಾರಿ ಎಂದು ಕರೆದುಬಿಡುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಅದರ ಹೆಸರು. ಡಾಕ್ಟರರು ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಅಂದರೆ ಮಕ್ಕಳು ಕಾಲೇಜಿನಲ್ಲಿರುವ ವಯಸ್ಸಿನಲ್ಲೇ ಇದು ಬರಬಹುದು. ಇಂಥ ಮಗನೋ ಮಗಳೋ ನಮ್ಮ ಮನೆಯಲ್ಲಿದ್ದರೆ ಓದು ಬಿಡಿಸಬಾರದು, ಕಾಯಿಲೆಯನ್ನು ಕಾಲೇಜಿನಿಂದ ಮುಚ್ಚಿಡಲೂ ಬಾರದು, ಬೇಕಾದ ಅನುಕೂಲವನ್ನು ಹಕ್ಕಿನಿಂದಲೇ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾಯಿಲೆಯನ್ನು ತಿಳಿದುಕೊಳ್ಳೋಣ. ಪಂಪ್‌ಸೆಟ್ಟಿನ ವೈರಿಗೆ ಮೇಲೊಂದು ಹೊದಿಕೆ ಇರುವಂತೆ ನಮ್ಮ ನರಗಳಿಗೂ ಮಯಲಿನ್ ಎಂಬ ಹೊದಿಕೆ ಇದೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಆ ಹೊದಿಕೆಯನ್ನು ಇಲಿಯಂತೆ ಕಡಿಯುತ್ತದೆ. ಆಗ ಮಿದುಳಿನ ಆಜ್ಞೆ ಕೈಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಣ್ಣು ಮಂಜಾಗಬಹುದು, ಕೈಕಾಲು ಜೋಮು ಹಿಡಿಯಬಹುದು, ನಡಿಗೆ ತೂರಾಡಬಹುದು, ಮೂತ್ರ ತಡೆಯುವುದು ಕಷ್ಟವಾಗಬಹುದು. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು, ನಿದ್ದೆ ಮಾಡಿದರೂ ಹೋಗದ ದಣಿವು. ಪ್ಯಾರಿಸ್ಸಿನ ಡಾಕ್ಟರ್ ಷಾರ್ಕೊ 1868ರಲ್ಲಿಯೇ ಇದನ್ನು ಬೇರೆಯದೇ ಕಾಯಿಲೆಯೆಂದು ಗುರುತಿಸಿ ವಿವರಿಸಿದ್ದರು. ಇದು ಅಂಟುರೋಗವಲ್ಲ, ಮಾಟಮಂತ್ರದ ಫಲವೂ ಅಲ್ಲ. ಪೂರಾ ವಾಸಿ ಮಾಡುವ ಔಷಧ ಇನ್ನೂ ಇಲ್ಲವಾದರೂ, ಮೇಲಿಂದ ಮೇಲೆ ಬರುವ ಏಟುಗಳನ್ನು ತಗ್ಗಿಸುವ ಔಷಧಗಳು ಈಗ ಇವೆ. ತಲೆಯ ಮತ್ತು ಬೆನ್ನುಹುರಿಯ ಎಂ.ಆರ್.ಐ. ಚಿತ್ರ ತೆಗೆಸಿ ನರರೋಗದ ಡಾಕ್ಟರರು ಕಾಯಿಲೆಯನ್ನು ಗುರುತಿಸುತ್ತಾರೆ.

ಈ ಕಾಯಿಲೆಯ ದೊಡ್ಡ ಮೋಸವೇನೆಂದರೆ, ಹೆಚ್ಚಿನವರಲ್ಲಿ ಇದು ಬಂದು ಹೋಗುತ್ತಿರುತ್ತದೆ. ಕೆಲವು ವಾರ ಏಳಲಾಗದಂತೆ ಮಲಗಿಸಿ, ಆಮೇಲೆ ತಾನೇ ಇಳಿಯುತ್ತದೆ. ಇದರಿಂದ ಎರಡು ಕೇಡು. ಒಂದು, "ನಿನ್ನೆ ಚೆನ್ನಾಗಿಯೇ ಓಡಾಡುತ್ತಿದ್ದಳಲ್ಲ, ಇವತ್ತೇನು ನಾಟಕ?" ಎಂಬ ಮಾತು ಹುಟ್ಟುತ್ತದೆ. ಇನ್ನೊಂದು, ಕಾಯಿಲೆ ಇಳಿದ ವಾರದಲ್ಲಿ ನಾಟಿ ಔಷಧ ಕುಡಿಸಿದ್ದರೆ, ಹರಕೆ ಹೊತ್ತಿದ್ದರೆ, ಸ್ವಸ್ಥತೆಯ ಕೂಟಕ್ಕೆ ಕರೆದೊಯ್ದಿದ್ದರೆ, ಅದರಿಂದಲೇ ವಾಸಿಯಾಯಿತೆಂದು ತಿಳಿದು ಮನೆಯವರು ಡಾಕ್ಟರರ ಔಷಧ ನಿಲ್ಲಿಸುತ್ತಾರೆ. ಮುಂದಿನ ಏಟು ಇನ್ನೂ ಜೋರಾಗಿ ಬೀಳಬಹುದು. ನಾವು ಪ್ರಾರ್ಥಿಸೋಣ, ಖಂಡಿತವಾಗಿ ಪ್ರಾರ್ಥಿಸೋಣ. ಆದರೆ ಡಾಕ್ಟರರನ್ನು ಕೇಳದೆ ಔಷಧ ನಿಲ್ಲಿಸುವುದು ವಿಶ್ವಾಸದ ಗುರುತೆಂದು ಯಾರೂ ಹೇಳದಿರಲಿ.

ಈಗ ನಮ್ಮ ಕಣೇಕಲ್ಲಿನ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಅವ್ವ ಮಲೆನಾಡಿನ ಕಾಫಿ ತೋಟದ ಲೈನಿನಲ್ಲಿದ್ದಾರೆ. ಮಗಳು ಊರಿನಲ್ಲಿ ಅಜ್ಜಿಯ ಜೊತೆಗಿದ್ದು ಕಾಲೇಜಿಗೆ ಹೋಗುತ್ತಾಳೆ. ರಾಯದುರ್ಗಕ್ಕೋ ಬಳ್ಳಾರಿಗೋ ಬಸ್ಸು ಹಿಡಿಯಬೇಕು. ಮಳೆ ಕಡಿಮೆ, ಬಿಸಿಲು ಹೆಚ್ಚು ಎಂದು ಹೆಸರಾದ ಜಿಲ್ಲೆ ನಮ್ಮದು. ಎಂ.ಎಸ್. ಇರುವವರಿಗೆ ಮೈ ಕಾವೇರಿದರೆ ಕಣ್ಣಿನ ಮಂಜೂ ಕಾಲಿನ ಸೋಲೂ ಆ ಹೊತ್ತಿಗೆ ಹೆಚ್ಚಾಗುತ್ತವೆ. ಮೈ ತಣ್ಣಗಾದ ಮೇಲೆ ಇಳಿಯುತ್ತವೆ. ಇದನ್ನು ಊಟಾಫ್ ಎಂಬ ಜರ್ಮನ್ ಡಾಕ್ಟರು 1890ರಲ್ಲಿ ಬರೆದಿಟ್ಟರು. ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನಿಲ್ಲದ ಮೇಲಿನ ಮಹಡಿಯ ಕೊಠಡಿಯಲ್ಲಿ ಮೂರು ಗಂಟೆ ಪರೀಕ್ಷೆ ಬರೆಯುವ ಈ ಹುಡುಗಿಗೆ ಪ್ರಶ್ನೆಪತ್ರಿಕೆಯ ಅಕ್ಷರವೇ ಕಾಣದೆ ಹೋದರೆ, ಅದನ್ನು ಓದದ ತಪ್ಪೆಂದು ಹೇಳುವುದು ನ್ಯಾಯವೇ? ಬಸ್‌ಸ್ಟ್ಯಾಂಡಿನಲ್ಲೂ ಕಾಲೇಜಿನಲ್ಲೂ ಶೌಚಾಲಯ ಸರಿ ಇಲ್ಲವೆಂದು ನೀರನ್ನೇ ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳ ಕಷ್ಟವನ್ನು ನಾವು ಬಿಡಿಸಿ ಹೇಳಬೇಕಿಲ್ಲ.

"ಒಬ್ಬರಿಗೆ ಹೆಚ್ಚು ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ?" ಎಂದು ಕೇಳುವವರುಂಟು. ತೋಟದಲ್ಲಿ ದುಡಿಯುವ ನಮಗೆ ಇದರ ಉತ್ತರ ಗೊತ್ತಿದೆ. ಕಡಿದಾದ ಇಳಿಜಾರಿನಲ್ಲಿ ಗೊಬ್ಬರ ಹೊರುವವನಿಗೂ ಸಮತಟ್ಟಿನಲ್ಲಿ ಹೊರುವವನಿಗೂ ಒಂದೇ ಲೆಕ್ಕ ಹಾಕಿದರೆ ನಾವು ಮೇಸ್ತ್ರಿಯೊಡನೆ ತಕರಾರು ಮಾಡುವುದಿಲ್ಲವೇ? ಈ ಮಕ್ಕಳೂ ಇಳಿಜಾರಿನಲ್ಲಿ ಹೊರುತ್ತಿದ್ದಾರೆ. ಪ್ರಶ್ನೆಪತ್ರಿಕೆಯನ್ನು ಸುಲಭ ಮಾಡಿರೆಂದು ಅವರು ಕೇಳುವುದಿಲ್ಲ. ಕಲಿತದ್ದನ್ನು ಬರೆದು ತೋರಿಸಲು ಸರಿಯಾದ ಅವಕಾಶ ಕೊಡಿರೆಂದಷ್ಟೇ ಕೇಳುತ್ತಾರೆ.

ಕಾನೂನೂ ಇದನ್ನೇ ಹೇಳುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವಿಕಲತೆಗಳಿದ್ದವು; ಎಂ.ಎಸ್. ಆ ಪಟ್ಟಿಯಲ್ಲಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೆಸರಿಸಿತು. ಅವುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಒಂದು. ಸರಕಾರದ ಮತ್ತು ಸರಕಾರಿ ನೆರವು ಪಡೆಯುವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆ ಇರುವವರಿಗೆ ಶೇಕಡಾ 5 ಸೀಟುಗಳನ್ನೂ, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯನ್ನೂ ಅದು ಕೊಟ್ಟಿತು. ಬರೆಯಲು ಹೆಚ್ಚು ಹೊತ್ತು ಬೇಕಾದವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಸಮಯ ಕೊಡಬೇಕೆಂದು ಕೇಂದ್ರ ಸರಕಾರ 2018ರ ಮಾರ್ಗಸೂಚಿಯಲ್ಲಿ ಹೇಳಿತು. ಮೂರು ಗಂಟೆಯ ಪರೀಕ್ಷೆಗೆ ಇದು ಒಂದು ಗಂಟೆಯಾಯಿತು.

ಆದರೆ ಬಂದು ಹೋಗುವ ಕಾಯಿಲೆಗೆ ಶೇಕಡಾವಾರು ಲೆಕ್ಕ ಸರಿಹೊಂದುವುದಿಲ್ಲ. ಚೆನ್ನಾಗಿರುವ ದಿನ ತಪಾಸಣೆಗೆ ಹೋದರೆ 40 ಮುಟ್ಟದಿರಬಹುದು. ಹಾಗಾದರೆ ಬಾಗಿಲು ಮುಚ್ಚಿತೇ? ಇಲ್ಲ. ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿತ್ತು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಕೊಡಲಿಲ್ಲವೆಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2021ರ ಫೆಬ್ರವರಿಯಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಈ ಅನುಕೂಲ ಶೇಕಡಾ 40 ದಾಟಿದವರಿಗೆ ಮಾತ್ರ ಎನ್ನುವಂತಿಲ್ಲವೆಂದು ಹೇಳಿತು. ಸೀಟಿನ ಮೀಸಲಾತಿಗೆ 40 ಬೇಕು. ಓದಲು ಬರೆಯಲು ಬೇಕಾದ ತಕ್ಕ ಅನುಕೂಲಕ್ಕೆ ಆ ಗಡಿ ಇಲ್ಲ. ಇದನ್ನು ನಮ್ಮ ಮಕ್ಕಳು ಚೆನ್ನಾಗಿ ನೆನಪಿಡಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಬಂತು. ಅಂದಿನಿಂದ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಆಂಧ್ರದ ಸರ್ಟಿಫಿಕೇಟು ಬಳ್ಳಾರಿಯ ಕಾಲೇಜಿನಲ್ಲಿ ನಡೆಯುವುದಿಲ್ಲವೆಂದು ಗುಮಾಸ್ತರು ಹೇಳಿದರೆ ಹಿಂದಿರುಗಬೇಡಿ. ಅಂಗವಿಕಲತೆಯ ಪ್ರಮಾಣಪತ್ರ ದೇಶಕ್ಕೆಲ್ಲ ನಡೆಯುತ್ತದೆಂದು 2016ರ ಕಾಯ್ದೆಯ 58ನೇ ಕಲಮಿನಲ್ಲೇ ಇದೆ. ಪಿಂಚಣಿಯಂಥ ರಾಜ್ಯದ ಸವಲತ್ತುಗಳನ್ನು ಮಾತ್ರ ನೀವು ವಾಸವಿರುವ ರಾಜ್ಯದಲ್ಲಿಯೇ ಕೇಳಬೇಕು.

ಕೇಳುವುದು ಹೇಗೆ? ತೋಟದ ಸಂಘದಲ್ಲಿ ನಾವು ಕಲಿತ ಪಾಠವೇ ಇಲ್ಲಿಯೂ ಸಾಕು. ಬಾಯಿಮಾತಿನ ಬೇಡಿಕೆ ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟು ಸೀಲು ಹಾಕಿಸಿಕೊಂಡ ಪ್ರತಿ ಉಳಿಯುತ್ತದೆ. ಕಾಲೇಜು ತೆರೆದ ಮೊದಲ ವಾರದಲ್ಲೇ ಡಾಕ್ಟರರ ಪತ್ರದ ಜೊತೆಗೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಏನೇನು ಬೇಕೆಂಬುದನ್ನು ಬಿಡಿಸಿ ಬರೆಯಿರಿ: ನೆಲಮಹಡಿಯಲ್ಲಿ ತರಗತಿ ಮತ್ತು ಪರೀಕ್ಷೆ, ಫ್ಯಾನಿನ ಕೆಳಗೆ ಜಾಗ, ನೀರಿನ ಬಾಟಲಿಗೂ ಶೌಚಕ್ಕೂ ಅನುಮತಿ, ಪಾಠವನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಲು ಒಪ್ಪಿಗೆ, ಕಾಯಿಲೆ ಏರಿದ ದಿನಗಳ ಹಾಜರಿಯಲ್ಲಿ ರಿಯಾಯಿತಿ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚು ಸಮಯ, ಕೈ ಸೋತರೆ ಬರೆಯುವ ಸಹಾಯಕರು. ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಒಳ್ಳೆಯ ಪ್ರಿನ್ಸಿಪಾಲರೂ ಏನೂ ಮಾಡಲಾರರು, ಏಕೆಂದರೆ ವಿಶ್ವವಿದ್ಯಾನಿಲಯದ ಒಪ್ಪಿಗೆಗೆ ಸಮಯ ಹಿಡಿಯುತ್ತದೆ. ನಿಯಮಗಳನ್ನು ಸರಕಾರ ಆಗಾಗ ತಿದ್ದುವುದರಿಂದ ಆ ವರ್ಷದ ನಿಯಮವನ್ನೇ ಕೇಳಿ ತಿಳಿಯಿರಿ. ಸರಿಯಾದ ಉತ್ತರ ಬರದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. 1985ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತ ಮಲ್ಟಿಪಲ್ ಸ್ಕ್ಲೆರೋಸಿಸ್ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆಯಿದೆ. ಇದೇ ಕಾಯಿಲೆಯವರ ಪರಿಚಯ ಅಲ್ಲಿ ಸಿಗುತ್ತದೆ.

ಇಷ್ಟೆಲ್ಲ ಇದ್ದರೂ ಎಷ್ಟೋ ಮನೆಗಳು ಬಾಯಿ ಬಿಡುವುದಿಲ್ಲ. "ಕಾಗದದಲ್ಲಿ ಅಂಗವಿಕಲೆ ಎಂದು ಬರೆಸಿದರೆ ನಾಳೆ ಮದುವೆಗೆ ಯಾರು ಕೇಳಿಕೊಂಡು ಬರುತ್ತಾರೆ?" ಎಂಬ ಭಯ. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮೊದಲ ಏಟು ಬಿದ್ದ ದಿನ ಆ ಮಗಳ ಕೈಯಲ್ಲಿ ಏನಿರುತ್ತದೆ? ಡಿಗ್ರಿ ಇಲ್ಲ, ಕೆಲಸ ಇಲ್ಲ, ಔಷಧಕ್ಕೆ ದುಡ್ಡಿಲ್ಲ. ಬೆನ್ನ ಮೇಲೆ ಹೊರೆ ಹೊರುವ ಕೂಲಿ ಈ ಕಾಯಿಲೆಯವರಿಗೆ ಆಗದು. ಕುಳಿತು ಮಾಡುವ ಕೆಲಸ ಬೇಕು, ಅದಕ್ಕೆ ಓದು ಬೇಕು. ಆದುದರಿಂದ ಮೈಗಟ್ಟಿ ಇರುವ ಮಕ್ಕಳಿಗಿಂತ ಇವರಿಗೇ ಕಾಲೇಜು ಹೆಚ್ಚು ಅಗತ್ಯ.

ವೆಲ್ಲೂರಿನ ಡಾ. ಮೇರಿ ವರ್ಗೀಸರನ್ನು ನೆನೆಯೋಣ. ಅವರದು ಬೇರೆ ಕಷ್ಟ. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಶಕ್ತಿ ಹೋಯಿತು. ಮುಂದೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಹೊರದೇಶಕ್ಕೆ ಹೋಗಿ ಮತ್ತೆ ಓದಿ ಬಂದು, ತಮ್ಮಂಥವರ ಪುನರ್ವಸತಿಗೆ ವೆಲ್ಲೂರಿನಲ್ಲಿ ವಿಭಾಗ ಕಟ್ಟಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಛಲ ದೊಡ್ಡದು, ನಿಜ. ಆದರೆ ಕುರ್ಚಿಗೆ ಆಪರೇಷನ್ ಕೊಠಡಿಯಲ್ಲಿ ಜಾಗ ಮಾಡಿಕೊಟ್ಟವರೂ ಇದ್ದರು. ಛಲವನ್ನು ಮಕ್ಕಳಲ್ಲಿ ಹುಡುಕುವ ನಾವು, ಜಾಗ ಮಾಡಿಕೊಡುವ ಕೆಲಸವನ್ನು ಮರೆಯಬಾರದು.

ಲೈನಿನಲ್ಲಿರುವ ಅಪ್ಪ ಅವ್ವಂದಿರೇ, ಊರಿನಿಂದ ಮಗಳು ಫೋನಿನಲ್ಲಿ "ಸುಸ್ತಾಗುತ್ತದೆ, ಕಣ್ಣು ಮಂಜಾಗುತ್ತದೆ" ಎಂದರೆ ಗದರಿಸಬೇಡಿ. ಒಂದು ದಿನದ ಕೂಲಿ ಹೋದರೂ ಹೋಗಲಿ, ದೊಡ್ಡ ಆಸ್ಪತ್ರೆಗೆ ತೋರಿಸಿರಿ. ಊರಿನಲ್ಲಿರುವ ನಾವು ಅರ್ಜಿ ಬರೆದುಕೊಡುತ್ತೇವೆ, ಕಾಲೇಜಿಗೆ ಜೊತೆಯಲ್ಲಿ ಬರುತ್ತೇವೆ, ಅವಳು ಏಳಲಾರದ ವಾರದಲ್ಲಿ ನೋಟ್ಸು ತಂದು ಓದಿ ಹೇಳುತ್ತೇವೆ. ಅವಳ ಹೆಸರು ಕಾಲೇಜಿನ ಹಾಜರಿ ಪುಸ್ತಕದಿಂದ ಹೊಡೆದುಹೋಗದಿರಲಿ.