ಸ್ಕ್ಯಾನರ್ ಹೇಳಿದ್ದೇನು, ಗ್ಯಾರೇಜಿನವರು ಕೇಳಿಸಿಕೊಂಡಿದ್ದೇನು

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು. ಗ್ಯಾರೇಜಿಗೆ ಹೋಗುತ್ತೇವೆ. ಹುಡುಗನೊಬ್ಬ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುತ್ತಾನೆ. ಅರ್ಧ ನಿಮಿಷದಲ್ಲಿ ‘ಸೆನ್ಸರ್ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ‘ಕಂಪ್ಯೂಟರ್ ಹೇಳ್ತಿದೆ’ ಎನ್ನುತ್ತಾರೆ. ನನ್ನ ತಕರಾರು ಈ ಕೊನೆಯ ಮಾತಿನ ಮೇಲೆ. ಬಹಳ ಸಲ ಕಂಪ್ಯೂಟರ್ ಹೇಳಿರುವುದು ಬೇರೇನೋ ಆಗಿರುತ್ತದೆ. ಅದನ್ನು ಪಾರ್ಟಿನ ಹೆಸರಾಗಿ ಅನುವಾದಿಸಿದವನು ಆ ಹುಡುಗ. ಅನುವಾದ ನನ್ನ ಕಸುಬಾದ್ದರಿಂದ, ಈ ಅನುವಾದ ಎಲ್ಲಿ ಕೆಡುತ್ತದೆ ಎಂದು ಬಿಡಿಸಿ ನೋಡುವ ಆಸೆ.

ಕೋಡಿಗೊಂದು ವ್ಯಾಕರಣವಿದೆ. ಪಿ0171 ತೆಗೆದುಕೊಳ್ಳಿ. ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯ ವಿಷಯ. (ಯು ಬಂದರೆ ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತು ಬಿಟ್ಟಿವೆ ಎಂದರ್ಥ. ನನಗೆ ಇಷ್ಟವಾದ ಅಕ್ಷರ ಅದು.) ಎರಡನೆಯ ಸ್ಥಾನದಲ್ಲಿ ಸೊನ್ನೆ ಇದ್ದರೆ ಅದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್, 1 ಇದ್ದರೆ ಆ ಕಂಪನಿಯದೇ ಪಟ್ಟಿ ನೋಡಬೇಕು. ಮೂರನೆಯದು 1 ಅಥವಾ 2 ಆದರೆ ಗಾಳಿ ಮತ್ತು ಇಂಧನ, 3 ಆದರೆ ಇಗ್ನಿಷನ್, 4 ಆದರೆ ಹೊಗೆ ನಿಯಂತ್ರಣ. ಉಳಿದೆರಡು ಅಂಕಿ ನಿರ್ದಿಷ್ಟ ದೂರು. ಎಲ್ಲ ಕೂಡಿಸಿದರೆ ಪಿ0171 ಹೇಳುವುದು: ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಸರಿದೂಗಿಸಲು ಹೋಗಿ ನನ್ನ ಮಿತಿ ಮುಗಿಯಿತು. ಇದರಲ್ಲಿ ಸೆನ್ಸರ್ ಎಂಬ ಪದವೇ ಇಲ್ಲ. ಗಾಳಿ ಜಾಸ್ತಿಯಾಗಿದೆ ಎಂದು ಸುದ್ದಿ ಕೊಟ್ಟಿದ್ದು ಆಕ್ಸಿಜನ್ ಸೆನ್ಸರ್, ಅಷ್ಟೇ. ಅದನ್ನೇ ಕಿತ್ತು ಹೊಸದು ಹಾಕುವುದೆಂದರೆ ಕಳ್ಳತನದ ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ಹಾಕಿದಂತೆ.

ಪುಣೆಯಲ್ಲಿ ನಮ್ಮ ಬಿಲ್ಡಿಂಗಿನ ಪಕ್ಕ ವಿಜಯಪುರ ಕಡೆಯವರೊಬ್ಬರು ಇದ್ದಾರೆ. ಹಳೆಯ ಪೆಟ್ರೋಲ್ ಕಾರಿನಲ್ಲಿ ಆಫೀಸಿನವರನ್ನು ಕರೆದುಕೊಂಡು ಹೋಗಿ ಬರುವ ಕೆಲಸ. ಕಳೆದ ಮಳೆಗಾಲದಲ್ಲಿ ಅವರಿಗೆ ಬಂದಿದ್ದು ಇದೇ ಕೋಡ್. “ಅಕ್ಕಾರ, ಎರಡ್ ಸಲ ಸೆನ್ಸರ್ ಹಾಕ್ಸೇನ್ರೀ, ಲೈಟ್ ಮತ್ತ ಹತ್ತೇದ” ಎಂದಾಗ ಅವರ ಒಂಬತ್ತು ಸಾವಿರ ರೂಪಾಯಿ ಮತ್ತು ನಾಲ್ಕು ದಿನದ ದುಡಿಮೆ ಹೋಗಿತ್ತು. ಮೂರನೆಯ ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ನೋಡಿದ. ಎಂಜಿನ್ ಕಂಪ್ಯೂಟರ್ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚಿಗೆ ಅಥವಾ ಕಡಿಮೆ ಸುರಿಯುತ್ತಿದೆ ಎಂಬ ಲೆಕ್ಕ ಅದು. ಸೊನ್ನೆಯ ಆಚೀಚೆ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಅದು 22 ತೋರಿಸಿತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಮ್‌ಗೆ ತಂದಾಗ 5ಕ್ಕೆ ಇಳಿಯಿತು.

ಇಡೀ ರೋಗಪತ್ತೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಎಂಜಿನ್ ನಿಧಾನಕ್ಕೆ ಓಡುವಾಗ ಅದು ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಮ್ಯಾನಿಫೋಲ್ಡಿನ ಒಳಗಿನ ಸೆಳೆತವೋ ಜೋರು. ಆಗ ಎಲ್ಲೋ ಒಂದು ಪೈಪಿನ ಸೀಳಿನಿಂದ ಕಳ್ಳದಾರಿಯಲ್ಲಿ ನುಗ್ಗುವ ಗಾಳಿ ದೊಡ್ಡ ಪಾಲಾಗುತ್ತದೆ. ವೇಗ ಹೆಚ್ಚಿದಾಗ ಒಟ್ಟು ಗಾಳಿಯಲ್ಲಿ ಅದು ಲೆಕ್ಕಕ್ಕೇ ಬಾರದಷ್ಟಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಐಡ್ಲಿಂಗ್ ಸರಿಯಿದ್ದು ವೇಗದಲ್ಲಿ ಟ್ರಿಮ್ ಏರಿದ್ದರೆ ಪೆಟ್ರೋಲ್ ಪಂಪ್ ಸೋತಿದೆಯೋ, ಫಿಲ್ಟರ್ ಕಟ್ಟಿದೆಯೋ ನೋಡಬೇಕಾಗುತ್ತಿತ್ತು. ಇಲ್ಲಿ ಸಿಕ್ಕಿದ್ದು ಎಂಜಿನ್ ಹಿಂಬದಿಯ ಒಂದು ರಬ್ಬರ್ ಪೈಪಿನಲ್ಲಿ ಬೆರಳುದ್ದದ ಬಿರುಕು. ಪೈಪಿನ ಬೆಲೆ ಮುನ್ನೂರು ಚಿಲ್ಲರೆ.

ಭಾಷಾವಿಜ್ಞಾನದ ತರಗತಿಯಲ್ಲಿ ನಮಗೆ ಮೊದಲು ಕಲಿಸುವ ಉಪಾಯ ಒಂದಿದೆ. ‘ಕಲ್ಲು’, ‘ಹಲ್ಲು’ ಎರಡನ್ನೂ ಪಕ್ಕಪಕ್ಕ ಇಡಿ. ಒಂದೇ ಒಂದು ಧ್ವನಿ ಬದಲಿಸಿ, ಉಳಿದದ್ದು ಹಾಗೇ ಇರಲಿ, ಅರ್ಥ ಬದಲಾಯಿತೇ ನೋಡಿ. ಒಳ್ಳೆಯ ಮೆಕ್ಯಾನಿಕ್ ಮಾಡುವುದೂ ಅದನ್ನೇ. ಪಿ0301 ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಅವನು ಹೊಸ ಇಗ್ನಿಷನ್ ಕಾಯಿಲ್ ತರಿಸುವುದಿಲ್ಲ. ಒಂದನೆಯದರ ಕಾಯಿಲ್ ಬಿಚ್ಚಿ ಎರಡನೆಯದಕ್ಕೆ, ಎರಡನೆಯದರದ್ದು ಒಂದನೆಯದಕ್ಕೆ ಹಾಕಿ ಒಂದು ಸುತ್ತು ಓಡಿಸುತ್ತಾನೆ. ಕೋಡ್ ಪಿ0302 ಆದರೆ ಕಾಯಿಲ್ ತಪ್ಪಿತಸ್ಥ. ಪಿ0301 ಆಗಿಯೇ ಉಳಿದರೆ ಕಾಯಿಲ್ ಬಿಟ್ಟು ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಬೇಕು. ಖರ್ಚು ಕಾಲು ಗಂಟೆ. ಈ ಮಿಸ್‌ಫೈರ್ ವಿಷಯದಲ್ಲಿ ಒಂದು ಎಚ್ಚರ: ದೀಪ ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಡುತ್ತದೆ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇವೆ. ಬೆಲೆ ಎಷ್ಟಿರಬಹುದೆಂದು ಊಹಿಸಿಕೊಳ್ಳಿ.

ಕೋಡಿನ ವಿವರಣೆಯಲ್ಲಿ ‘ಸರ್ಕ್ಯೂಟ್’ ಎಂಬ ಪದ ಕಂಡರೆ ಅಲ್ಲೂ ನಿಲ್ಲಿ. ಪಿ0135 ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನ ದೂರು. ಸರ್ಕ್ಯೂಟ್ ಅಂದಮೇಲೆ ಫ್ಯೂಸ್, ಕನೆಕ್ಟರ್, ವೈರ್ ಎಲ್ಲವೂ ಬಂತು. ಮಳೆಗಾಲದಲ್ಲಿ ಬಾನೆಟ್ ಕೆಳಗೆ ಇಲಿ ಸಂಸಾರ ಹೂಡುವ ನಮ್ಮ ಊರುಗಳಲ್ಲಿ ಮೊದಲು ವೈರ್ ನೋಡದೆ ಸೆನ್ಸರ್ ಬದಲಿಸುವುದು ಅನ್ಯಾಯ.

ಇನ್ನೊಂದು ಅಭ್ಯಾಸ ನನಗೆ ಸಿಟ್ಟು ತರಿಸುತ್ತದೆ: ಕೋಡ್ ಓದಿದ ಕೂಡಲೇ ಅಳಿಸುವುದು. ದೀಪ ಆರುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಆದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ: ತೊಂದರೆ ಬಂದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ವೇಗ ಎಷ್ಟು, ಲೋಡ್ ಎಷ್ಟು. ಘಟನಾ ಸ್ಥಳದ ಫೋಟೋ ಅಂದುಕೊಳ್ಳಿ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಬ್ಯಾಟರಿ ಟರ್ಮಿನಲ್ ತೆಗೆದರೂ ಹೋಗುತ್ತದೆ. ಆದ್ದರಿಂದ ಅಳಿಸುವ ಮೊದಲು ಸ್ಕ್ಯಾನರ್ ಪರದೆಯ ಫೋಟೋ ಫೋನಿನಲ್ಲಿ ತೆಗೆದುಕೊಳ್ಳಿ. ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ಊರು ಬಿಟ್ಟು ಊರಿಗೆ ಬಂದ ನಮಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಎಂಜಿನ್ ಹೇಗೆ ನಡುಗುತ್ತದೆ, ಯಾವಾಗ ಉಸಿರು ಕಟ್ಟಿದ ಹಾಗೆ ಮಾಡುತ್ತದೆ ಎಂಬುದನ್ನು ಅರೆಬರೆ ತಮಿಳಿನಲ್ಲೋ ತೆಲುಗಿನಲ್ಲೋ ವಿವರಿಸಲು ಹೋಗಿ ಸೋತವರಿಗೆ ಗೊತ್ತು ಆ ಕಷ್ಟ. ಪಿ0301 ಚೆನ್ನೈಯಲ್ಲೂ ಪಿ0301, ದೆಹಲಿಯಲ್ಲೂ ಅದೇ.

ಹಾಗಾದರೆ ಈ ಐದು ಅಕ್ಷರಗಳನ್ನು ಕಾರೇ ನಮಗೆ ಯಾಕೆ ತೋರಿಸಬಾರದು? ಓಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರಿಂದ, ನಮ್ಮ ಬಿಎಸ್-4 ಕಾರುಗಳಲ್ಲಿ 2013ರ ಏಪ್ರಿಲ್‌ನಿಂದ ಕಡ್ಡಾಯ. ಇವತ್ತಿನ ಕಾರಿನ ಹತ್ತಿಂಚಿನ ಪರದೆ ಹಾಡಿನ ಹೆಸರು, ಗಾಯಕಿಯ ಫೋಟೋ ಎಲ್ಲ ತೋರಿಸುತ್ತದೆ. ಎಂಜಿನ್ ವಿಷಯಕ್ಕೆ ಬಂದರೆ ಒಂದು ಹಳದಿ ಚಿತ್ರ, ಕೈಪಿಡಿಯಲ್ಲಿ ‘ಅಧಿಕೃತ ಡೀಲರ್ ಬಳಿ ಪರೀಕ್ಷಿಸಿ’ ಎಂಬ ಒಂದು ಸಾಲು. ಆ ಸಾಲನ್ನು ಅನುವಾದಿಸಿ ನನಗೂ ಸಾಕಾಗಿದೆ. ಜನ ತಪ್ಪಾಗಿ ಅರ್ಥ ಮಾಡಿಕೊಂಡು ತಾವೇ ಬಿಚ್ಚಲು ಹೋಗುತ್ತಾರೆ ಎಂಬ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ರಕ್ತಪರೀಕ್ಷೆಯ ವರದಿಯನ್ನು ನಮ್ಮ ಕೈಗೇ ಕೊಡುತ್ತಾರಲ್ಲ? ಅದನ್ನು ಓದಿ ನಾವೇ ಆಪರೇಷನ್ ಮಾಡಿಕೊಳ್ಳುವುದಿಲ್ಲ. ಬೇಕೆಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತೇವೆ. ಕಾರು ಇಟ್ಟವರಿಗೆ ಸಿಗಬೇಕಾದದ್ದು ಅಷ್ಟೇ. ಕಂಪನಿಗಳು ಕೊಡುವ ತನಕ ಕೆಲವು ನೂರು ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ಒಂದನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅದರ ಜೊತೆ ಅಮೆರಿಕದ ವಿಡಿಯೋಗಳನ್ನು ನೋಡುವಾಗ ಮಾತ್ರ ಜೋಪಾನ. ಅಲ್ಲಿಯವರ ಮೊದಲ ಸಲಹೆ ಪೆಟ್ರೋಲ್ ಮುಚ್ಚಳ ಬಿಗಿ ಮಾಡಿ ಎಂಬುದು. ಟ್ಯಾಂಕಿನ ಆವಿ ಸೋರುತ್ತದೆಯೇ ಎಂದು ಕಾರೇ ಪರೀಕ್ಷಿಸಬೇಕೆಂಬ ನಿಯಮ ಅಲ್ಲಿದೆ. ನಮ್ಮ ನಿಯಮಗಳು ಯುರೋಪಿನ ಜಾಡಿನವು.

ಗ್ಯಾರೇಜಿನವರನ್ನು ಮಾತ್ರ ಬೈದು ಮುಗಿಸುವುದು ಸುಲಭ, ಸರಿಯಲ್ಲ. ಟ್ರಿಮ್ ನೋಡಲು, ಕಾಯಿಲ್ ಅದಲುಬದಲು ಮಾಡಲು, ವೈರ್ ಹಿಡಿದು ಹೋಗಲು ಒಂದು ಗಂಟೆ ಬೇಕು, ಕಲಿತ ಕೈ ಬೇಕು. ಆ ಗಂಟೆಗೆ ನಾವು ದುಡ್ಡು ಕೊಡುವುದಿಲ್ಲ. ಪಾರ್ಟ್ ಹಾಕಿದರೆ ಮಾತಾಡದೆ ನಾಲ್ಕು ಸಾವಿರ ಕೊಡುತ್ತೇವೆ. ‘ನೋಡಿದ್ದಕ್ಕೆ ಐನೂರು’ ಎಂದರೆ ಜಗಳಕ್ಕೆ ನಿಲ್ಲುತ್ತೇವೆ. ಹೀಗಿರುವಾಗ ಹುಡುಗ ಹುಡುಕುವ ಬದಲು ಪಾರ್ಟ್ ಹಾಕುವುದನ್ನೇ ಕಲಿಯುತ್ತಾನೆ. ಆ ಮೂರನೆಯ ಮೆಕ್ಯಾನಿಕ್ ತನ್ನ ಬಿಲ್ಲಿನಲ್ಲಿ ‘ತಪಾಸಣೆ’ ಎಂದು ಮರಾಠಿಯಲ್ಲಿ ಬೇರೆಯೇ ಸಾಲು ಬರೆಯುತ್ತಾನೆ, ಕನ್ನಡದ ತಪಾಸಣೆಯೇ. ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಅದನ್ನು ಹೊಡೆದುಹಾಕಲು ಹೇಳುತ್ತಾರಂತೆ.